ಎಲುಬು ನಿಂತಿತು, ನಾಲಿಗೆ ನಿಲ್ಲಲಿಲ್ಲ

"ನನ್ನ ಹಲ್ಲಿಗಾಗಿ ಬಂದದ್ದಲ್ಲ ಡಾಕ್ಟ್ರೇ. ಮಕ್ಕಳ ಬಾಯಿ ಹಾಳಾಗ್ತಾ ಅದೆ, ಅದಕ್ಕೆ ಬಂದದ್ದು."

೧೯೯೯ರ ಜೂನ್. ಕುಮಟಾದ ನನ್ನ ಚಿಕಿತ್ಸಾಲಯದ ಕುರ್ಚಿಯ ತುದಿಯಲ್ಲಿ ಕುಳಿತಿದ್ದ ಇಪ್ಪತ್ತೆರಡರ ಹುಡುಗಿ ಬಾಯಿಗೆ ಅಡ್ಡವಾಗಿ ಕೈ ಹಿಡಿದೇ ಮಾತಾಡಿದಳು. ಹಿರೇಗುತ್ತಿಯ ಬಾಲವಾಡಿಯಲ್ಲಿ ಟೀಚರ್. ಹಿಂದಿನ ವಾರ ಮೇಲ್ವಿಚಾರಕಿ ಬಂದು ಮಕ್ಕಳಿಂದ ಪದ್ಯ ಹೇಳಿಸಿದ್ದರಂತೆ. ಇಪ್ಪತ್ತಮೂರು ಮಕ್ಕಳೂ ಒಂದೇ ದನಿಯಲ್ಲಿ "ಥೂರ್ಯ ಬಂದ, ಹಥು ಬಂತು" ಎಂದಿದ್ದರು. ಮೇಲ್ವಿಚಾರಕಿ ಮಕ್ಕಳನ್ನು ನೋಡಲಿಲ್ಲ, ಟೀಚರನ್ನು ನೋಡಿದರು.

"ನನ್ನ ಥ ಥರಿ ಮಾಡಿ ಕೊಡಿ, ಥಾಕು" ಎಂದಳು. ಹೇಳಿದ ಮೇಲೆ ತನಗೇ ನಗು ಬಂದು ಕೈಯನ್ನು ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು. ನಾನೂ ನಕ್ಕೆ. ನಕ್ಕದ್ದು ಸರಿಯೋ ತಪ್ಪೋ ಎಂದು ಯೋಚಿಸುವಷ್ಟರಲ್ಲಿ ಆಕೆ ಕೈ ತೆಗೆದಿದ್ದಳು.

ಕೆಳದವಡೆ ಮುಂದೆ ಚಾಚಿತ್ತು. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲುಗಳು ಮೇಲಿನವುಗಳಿಗಿಂತ ಐದು ಮಿಲಿಮೀಟರ್ ಮುಂದೆ ಬರುತ್ತಿದ್ದವು. ಅದಲ್ಲದೆ ಮುಂಭಾಗದಲ್ಲಿ ಒಂದು ಸಂದು; ಹಿಂದಿನ ದವಡೆಹಲ್ಲುಗಳು ಕೂಡಿದರೂ ಮುಂದಿನವು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಆ ಸಂದಿನಲ್ಲಿ ನಾಲಿಗೆ ಬಂದು ಕೂರುತ್ತಿತ್ತು. 'ಸ' ಹುಟ್ಟಬೇಕಾದ ಜಾಗದಲ್ಲಿ ನಾಲಿಗೆ ಕುಳಿತರೆ 'ಥ' ಅಲ್ಲದೆ ಮತ್ತೇನು ಹುಟ್ಟೀತು?

ಹಲ್ಲಿಗೆ ತಂತಿ ಹಾಕಿದರೆ ಮಾತ್ರ ಸಾಲದು, ದವಡೆಯ ಎಲುಬನ್ನೇ ಕತ್ತರಿಸಿ ಸರಿಸಬೇಕು ಎಂದು ಹೇಳಲು ನಾನು ಒಂದು ವಾರ ತೆಗೆದುಕೊಂಡೆ. ಓದಿ ಮುಗಿಸಿ ಊರಿಗೆ ಬಂದು ಎರಡು ವರ್ಷವಾಗಿತ್ತು. ಸೋಮವಾರದಿಂದ ಗುರುವಾರ ಕುಮಟಾ, ಶುಕ್ರವಾರ ಹೊನ್ನಾವರ, ಶನಿವಾರ ಭಟ್ಕಳ, ಹೀಗೆ ಬಸ್ಸಿನಲ್ಲಿ ಓಡಾಡಿಕೊಂಡು ಹಲ್ಲು ನೆಟ್ಟಗೆ ಮಾಡುತ್ತಿದ್ದೆ. ಇಂಥ ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಮೊದಲಿಂದ ಕೊನೆಯವರೆಗೆ ಸ್ವಂತ ಹೊಣೆಯಲ್ಲಿ ಸಿದ್ಧಪಡಿಸಿದ್ದು ಅದುವರೆಗೆ ಇರಲಿಲ್ಲ. ಕಾಲೇಜಿನಲ್ಲಿ ಕಂಡಿದ್ದೆ, ಸಹಾಯಕ್ಕೆ ನಿಂತಿದ್ದೆ. ಆದರೆ ಅಲ್ಲಿ ಕಂಡದ್ದರಲ್ಲಿ ನನ್ನ ನೆನಪಿಗೆ ಬಲವಾಗಿ ಅಂಟಿಕೊಂಡಿದ್ದವನು ಒಬ್ಬ ಕಾಲೇಜು ಹುಡುಗ. ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷಕ್ಕೆ ಅವನ ದವಡೆ ಅರ್ಧದಷ್ಟು ಮೊದಲಿನ ಜಾಗಕ್ಕೇ ವಾಪಸಾಗಿತ್ತು. ಅವನು ಯಾರನ್ನೂ ಬೈಯಲಿಲ್ಲ. ಅದೇ ನನಗೆ ಮರೆಯಲಾಗಿರಲಿಲ್ಲ.

ಮುಂದಿನ ಭೇಟಿಗೆ ಆಕೆ ಅಣ್ಣನನ್ನು ಕರೆದುಕೊಂಡು ಬಂದಳು. ಹೊನ್ನಾವರದ ಹೊಳೆದಂಡೆಯಲ್ಲಿ ದೋಣಿ ಕಟ್ಟುವ ಬಡಗಿ. ನಾನು ಚಿತ್ರ ಬರೆದು ವಿವರಿಸಿದ್ದನ್ನೆಲ್ಲ ಕೈಕಟ್ಟಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ:

"ನಾವು ಹಲಗಿ ಕಾಯಿಸಿ, ಬಗ್ಗಿಸಿ ಮೊಳೆ ಹೊಡಿತ್ರು. ಸಮಾ ಕಾಯದೇ ಇದ್ರೆ ಮೊಳೆ ಕಿತ್ಕಂಡು ಹಲಗಿ ಮೊದ್ಲಿನ ರೂಪಕ್ಕೇ ಬತ್ತದೆ. ಇವಳ ದವಡೆ ಬರೂದಿಲ್ಲ ಹೇಳಿ ಎಂತ ಖಾತ್ರಿ?"

"ಖಾತ್ರಿ ಇಲ್ಲ" ಎಂದೆ. ಕಾಲೇಜು ಹುಡುಗನ ಕಥೆಯನ್ನೂ ಹೇಳಿದೆ. "ಸ್ವಲ್ಪ ವಾಪಸ್ ಬರುವುದು ಇದ್ದೇ ಇದೆ. ಎಷ್ಟು ಬರುತ್ತದೆ ಎನ್ನುವುದು ನಾವು ಎಷ್ಟು ಜಾಗ್ರತೆ ಮಾಡುತ್ತೇವೆ ಎನ್ನುವುದರ ಮೇಲಿದೆ."

ಅಣ್ಣ ತಂಗಿಯ ಮುಖ ನೋಡಿದ. ತಂಗಿ ನನ್ನ ಮುಖ ನೋಡಿ, "ಆತು, ಶುರು ಮಾಡ್ವ" ಎಂದಳು.

ಆದರೆ ನಾನು ಶುರು ಮಾಡಲಿಲ್ಲ. ಬೆಳೆಯುತ್ತಿರುವ ದವಡೆಯನ್ನು ಕತ್ತರಿಸಿದರೆ ಅದು ಕತ್ತರಿಸಿದ ಮೇಲೂ ಬೆಳೆಯುತ್ತದೆ. ಇಪ್ಪತ್ತೆರಡಕ್ಕೆ ಹೆಣ್ಣುಮಕ್ಕಳ ಬೆಳವಣಿಗೆ ನಿಂತಿರುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ನನಗೆ ಪುಸ್ತಕ ಸಾಕಾಗಲಿಲ್ಲ. ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ ಆಗ ನಮ್ಮಲ್ಲಿ ಇರಲಿಲ್ಲ, ಮಂಗಳೂರಿಗೇ ಹೋಗಬೇಕು. ಜೂನಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಅಣ್ಣ ತಂಗಿ ರೈಲು ಹತ್ತಿ ಹೋಗಿ ಬಂದರು. ಪ್ರತಿಯೊಂದರ ಮೇಲೂ ಪಾರದರ್ಶಕ ಹಾಳೆ ಇಟ್ಟು, ಚೂಪಾದ ಪೆನ್ಸಿಲ್ಲಿನಲ್ಲಿ ಹಣೆಯಿಂದ ಗದ್ದದವರೆಗೆ ಎಲುಬಿನ ಗೆರೆ ಎಳೆದೆ. ಕರೆಂಟು ಇಲ್ಲದ್ದರಿಂದ ಕಿಟಕಿಯ ಗಾಜಿಗೆ ಎರಡು ಹಾಳೆಗಳನ್ನೂ ಅಂಟಿಸಿ ಒಂದರ ಮೇಲೊಂದು ಕೂರಿಸಿದೆ. ಗದ್ದದ ಗೆರೆ ಒಂದಿಷ್ಟೂ ಸರಿದಿರಲಿಲ್ಲ. ಬೆಳವಣಿಗೆ ನಿಂತಿತ್ತು. ಹೊಸ ವರ್ಷ ಬಂದೊಡನೆ ತಂತಿ ಹಾಕಿದೆ.

ಈ ಕೆಲಸದಲ್ಲಿ ರೋಗಿಯ ಮನೆಯವರಿಗೆ ಹೇಳಲು ಕಷ್ಟವಾಗುವ ಒಂದು ಸಂಗತಿಯಿದೆ. ದವಡೆ ತಪ್ಪು ಜಾಗದಲ್ಲಿದ್ದಾಗ ಹಲ್ಲುಗಳು ಆ ತಪ್ಪಿಗೆ ಹೊಂದಿಕೊಂಡು ವಾಲಿರುತ್ತವೆ: ಮೇಲಿನವು ಮುಂದಕ್ಕೆ, ಕೆಳಗಿನವು ಹಿಂದಕ್ಕೆ. ಶಸ್ತ್ರಚಿಕಿತ್ಸೆಗೆ ಮುನ್ನ ಅವನ್ನು ತಮ್ಮ ತಮ್ಮ ಎಲುಬಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಹಾಗೆ ಮಾಡುತ್ತ ಹೋದಂತೆ ಮುಖ ಚೆಂದವಾಗುವುದಿಲ್ಲ, ಮೊದಲಿಗಿಂತ ಕೆಡುತ್ತದೆ. ಹತ್ತು ತಿಂಗಳಿಗೆ ಐದು ಮಿಲಿಮೀಟರ್ ಇದ್ದ ಅಂತರ ಏಳಾಯಿತು. ನನ್ನ ಲೆಕ್ಕಕ್ಕೆ ಸರಿಯಾಗಿ ಬರುತ್ತಿದೆ ಎಂದು ನನಗೆ ಸಂತೋಷ.

ಒಂದು ಮಂಗಳವಾರ ಟೀಚರ್‌ಳ ತಾಯಿ ಒಬ್ಬರೇ ಬಂದರು. ಗದ್ದೆ ಕೊಯ್ಲಿನಿಂದ ಎದ್ದು ಬಂದಂತಿತ್ತು, ಸೆರಗಿಗೆ ಹುಲ್ಲಿನ ಎಳೆ ಅಂಟಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಂತ ಅಮಾ ಇದು? ಗುಣ ಮಾಡ್ತ್ರಿ ಹೇಳಿ ಕಳ್ಸಿದ್ದು ನಾನು. ಈಗ ಮೊದ್ಲಿಗಿಂತ ಮುಂದೆ ಬಂದದೆ. ಮಗಳು ಇದೇ ಸಮಾ, ಇದೇ ಸಮಾ ಹೇಳ್ತದೆ. ನೀವು ಅದಕ್ಕೆ ಮಳ್ಳು ಹಿಡಿಸಿದ್ರಿ."

ಹಲ್ಲಿನ ಹಳೆಯ, ಹೊಸ ಗಾರೆ ಅಚ್ಚುಗಳನ್ನು ತಂದು ಮೇಜಿನ ಮೇಲಿಟ್ಟೆ. ಹಳೆಯದರಲ್ಲಿ ಕೆಳಗಿನ ಅಚ್ಚನ್ನು ಹಿಂದಕ್ಕೆ ಸರಿಸಿ, "ತಂತಿ ಹಾಕುವ ಮೊದಲು ಹೀಗೆ ಸರಿಸಿದರೆ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲ, ನೋಡಿ" ಎಂದೆ. ಆಮೇಲೆ ಹೊಸ ಅಚ್ಚನ್ನು ಸರಿಸಿದೆ. ಹಲ್ಲುಗಳು ಟಕ್ ಎಂದು ಒಂದರೊಳಗೊಂದು ಕುಳಿತವು. ಅವರು ತಾವೇ ಎರಡು ಸಲ ಸರಿಸಿ ನೋಡಿದರು. ಮೂರನೆಯ ಸಲ ನೋಡಿ, "ಇದನ್ನ ಮೊದ್ಲೇ ತೋರ್ಸೂಕೆ ಎಂತ ಆಗಿತ್ತು ನಿಮ್ಗೆ?" ಎಂದು ಬೈದು, ಕುರ್ಚಿಯಲ್ಲಿ ಕುಳಿತು ನೀರು ಕೇಳಿದರು. ಅಂದಿನಿಂದ ತಂತಿ ಹಾಕುವ ದಿನವೇ ಅಚ್ಚು ತೋರಿಸುವುದನ್ನು ರೂಢಿ ಮಾಡಿಕೊಂಡೆ.

ಶಸ್ತ್ರಚಿಕಿತ್ಸೆ ಮಾಡಬೇಕಾದವರು ಮಂಗಳೂರಿನ ಆಸ್ಪತ್ರೆಯೊಂದರಲ್ಲಿದ್ದ ಶಸ್ತ್ರವೈದ್ಯರು. ಮೂಲ ಭಟ್ಕಳದವರೇ. ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಊರಿಗೆ ಬಂದಾಗ ಶನಿವಾರ ನನ್ನ ಭಟ್ಕಳದ ಕೋಣೆಗೂ ಬರುತ್ತಿದ್ದರು. ಟಿಫಿನ್ ಡಬ್ಬಿಯಲ್ಲಿ ಹತ್ತಿ ಸುತ್ತಿ ಅಚ್ಚುಗಳನ್ನು ಒಯ್ದಿದ್ದೆ. ಸಣ್ಣ ಗರಗಸದಲ್ಲಿ ಗಾರೆಯ ದವಡೆ ಕೊಯ್ದು ಮೇಣದಲ್ಲಿ ಅಂಟಿಸುತ್ತ ಮೂರು ತಾಸು ಚರ್ಚೆ ಮಾಡಿದೆವು.

ಈಗಿನ ಅಂತರ ಏಳು, ಮೇಲಿನ ಹಲ್ಲು ಕೆಳಗಿನದಕ್ಕಿಂತ ಮುಂದೆ ನಿಲ್ಲಲು ಇನ್ನೆರಡು, ಒಟ್ಟು ಒಂಬತ್ತು ಮಿಲಿಮೀಟರ್ ಸರಿಪಡಿಸಬೇಕು. ಕೆಳದವಡೆಯೊಂದನ್ನೇ ಒಂಬತ್ತೂ ಹಿಂದಕ್ಕೆ ತಳ್ಳುವುದು ಅವರ ಮೊದಲ ಯೋಚನೆ. ಶಸ್ತ್ರಚಿಕಿತ್ಸೆ ಸಣ್ಣದಾಗುತ್ತದೆ, ಊತ ಕಡಿಮೆ.

"ನಾಲಿಗೆ ಎಲ್ಲಿ ಹೋಗಬೇಕು?" ಎಂದೆ. "ಮನೆ ಸಣ್ಣದು ಮಾಡಿದರೆ ಅದು ಬಾಗಿಲಿಗೇ ಬಂದು ಕೂರುತ್ತದೆ. ಮೊದಲೇ ಅಲ್ಲಿ ಕೂತು ರೂಢಿಯಾದ ನಾಲಿಗೆ."

ಅವರು ಅಚ್ಚನ್ನು ತಿರುಗಿಸಿ ನೋಡಿದರು. "ಮೇಲಿನದನ್ನು ನಾಲ್ಕು ಮುಂದೆ, ಕೆಳಗಿನದನ್ನು ಐದು ಹಿಂದೆ. ಮೇಲಿನದರ ಹಿಂಭಾಗ ಸ್ವಲ್ಪ ಎತ್ತಿದರೆ ಮುಂದಿನ ಸಂದೂ ಮುಚ್ಚುತ್ತದೆ. ಆದರೆ ಎರಡು ದವಡೆ ಕತ್ತರಿಸುವುದು ದೊಡ್ಡ ಮಾತು. ಹುಡುಗಿಗೆ ನೀವೇ ಹೇಳಬೇಕು."

ಹೇಳಿದೆ. ಹುಡುಗಿಗಿಂತ ಮೊದಲು ಅಣ್ಣ ಒಪ್ಪಿದ. "ಒಂದೇ ಹಲಗಿ ಮೇಲೆ ಎಲ್ಲಾ ಎಳೆತ ಹಾಕಿದ್ರೆ ಅದು ತಡೆಯೂದಿಲ್ಲ. ಪಾಲು ಮಾಡೂದೇ ಸಮಾ" ಎಂದ.

೨೦೦೧ರ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ. ನಾನೂ ಒಳಗಿದ್ದೆ, ಹಲ್ಲು ಎಲ್ಲಿ ಕೂಡಬೇಕೆಂದು ತೋರಿಸಲು ನಾನು ಮಾಡಿದ್ದ ಅಕ್ರಿಲಿಕ್ ಅಚ್ಚುಪಟ್ಟಿಯನ್ನು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಕೂರಿಸುವುದು ನನ್ನ ಪಾಲಿನ ಕೆಲಸ. ಮೇಲಿನ ದವಡೆ ಸಲೀಸಾಗಿ ಬಂತು. ಕೆಳಗಿನದನ್ನು ಎರಡೂ ಬದಿ ಸೀಳಿ, ಹಿಂದಕ್ಕೆ ಜಾರಿಸಿ, ತಿರುಪು ಹಾಕಿದರು. ಆಮೇಲಿನ ಪರೀಕ್ಷೆಯೇ ಮುಖ್ಯ. ಮೇಲಿನ ಕೆಳಗಿನ ಹಲ್ಲುಗಳನ್ನು ಬಿಗಿದಿದ್ದ ಕಟ್ಟು ಬಿಚ್ಚಿ ಕೆಳದವಡೆ ತಾನಾಗಿಯೇ ಮುಚ್ಚುವಂತೆ ಬಿಡಬೇಕು. ಕಿವಿಯ ಮುಂದಿನ ಕೀಲಿನ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕುಳಿತಿದ್ದರೆ ಹಲ್ಲು ಪಟ್ಟಿಯೊಳಗೇ ಬಂದು ಕೂರುತ್ತದೆ.

ಕೂರಲಿಲ್ಲ. ಎರಡು ಮಿಲಿಮೀಟರ್ ಎಡಕ್ಕೆ ಜಾರಿತು.

ಶಸ್ತ್ರವೈದ್ಯರು ಇನ್ನೊಮ್ಮೆ ಮುಚ್ಚಿಸಿ ನೋಡಿದರು. ಮತ್ತೆ ಎಡಕ್ಕೆ. ಆಗಲೇ ನಾಲ್ಕು ತಾಸು ಕಳೆದಿತ್ತು. ಎರಡು ಮಿಲಿಮೀಟರನ್ನು ಆಮೇಲೆ ರಬ್ಬರ್ ಬ್ಯಾಂಡ್ ಎಳೆದು ಸರಿಮಾಡಬಹುದು ಎಂದು ಯಾರಾದರೂ ಹೇಳಿದ್ದರೆ ತಪ್ಪೆನಿಸುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು "ಎಡಗಡೆ ಗುಂಡು ಗುಳಿಯಿಂದ ಕೆಳಗಿಳಿದಿದೆ. ಹೀಗೇ ಬಿಟ್ಟರೆ ನಾಳೆ ಎದ್ದ ಕೂಡಲೇ ವಾಪಸ್" ಎಂದು ಆ ಬದಿಯ ಮೂರೂ ತಿರುಪು ಬಿಚ್ಚಿದರು. ದವಡೆಯ ಮೂಲೆಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಹಿಡಿದು ಮತ್ತೆ ತಿರುಪು ಹಾಕಿದರು. ಈ ಸಲ ಕಟ್ಟು ಬಿಚ್ಚಿದಾಗ ಹಲ್ಲು ಪಟ್ಟಿಯಲ್ಲಿ ಕುಳಿತ ಸದ್ದು ನನಗೆ ಕೇಳಿಸಿತು.

ಮೂರನೆಯ ದಿನ ವಾರ್ಡಿಗೆ ಹೋದಾಗ ಮುಖ ಕುಂಬಳಕಾಯಿಯಷ್ಟು ಊದಿತ್ತು. ತಾಯಿ ಪಿಚಕಾರಿಯಲ್ಲಿ ಗಂಜಿತಿಳಿ ಹಾಕುತ್ತಿದ್ದರು. ಟೀಚರ್ ಬಾಲವಾಡಿಯಿಂದ ತಂದಿದ್ದ ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ಕನ್ನಡಿ ಕೊಡುವುದಿಲ್ಲ ಹೇಳ್ತಾರೆ. ನನಗೇ ನನ್ನ ಮುಖ ನೋಡಲು ಪರವಾನಗಿ ಬೇಕೋ?" ಕನ್ನಡಿ ಕೊಡಿಸಿದೆ. ಬಹಳ ಹೊತ್ತು ಪಕ್ಕದಿಂದ ನೋಡಿಕೊಂಡಳು. ಸ್ಲೇಟು ಒರೆಸಿ, "ಗದ್ದ ಒಳಗೆ ಹೋಗಿದೆ! ಊತ ಇದ್ದರೂ ಕಾಣ್ತದೆ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಏಪ್ರಿಲ್ ಹೊತ್ತಿಗೆ ಊತ ಇಳಿದು ಹಿರೇಗುತ್ತಿಯಲ್ಲಿ ಅವಳನ್ನು ಗುರುತಿಸದವರೂ ಇದ್ದರಂತೆ. ಮುಂದಿನ ಹಲ್ಲುಗಳು ಎರಡು ಮಿಲಿಮೀಟರ್ ಒಂದರ ಮೇಲೊಂದು ಕೂಡುತ್ತಿದ್ದವು. ಡಿಸೆಂಬರಿನಲ್ಲಿ ಅಣ್ಣನ ಮದುವೆ ನಿಶ್ಚಯವಾಗಿತ್ತು. ಬಾಲ್ಯದಿಂದಲೂ ಫೋಟೋ ಎಂದರೆ ಕಂಬದ ಹಿಂದೆ ನಿಲ್ಲುತ್ತಿದ್ದ ಹುಡುಗಿ, "ಮದುವೆ ಫೋಟೋದಲ್ಲಿ ತಂತಿ ಇಲ್ಲದೇ ನಿಲ್ತೇನೆ, ಅಲ್ದಾ?" ಎಂದು ಕೇಳಿದಳು. "ನವೆಂಬರಿಗೇ ತೆಗೆದುಬಿಡುತ್ತೇನೆ" ಎಂದು ಮಾತು ಕೊಟ್ಟೆ.

ಜೂನಿನಲ್ಲಿ ಮುಂದಿನ ಹಲ್ಲುಗಳ ನಡುವೆ ತೆಳುವಾದ ಬೆಳಕಿನ ಗೆರೆ ಕಂಡಿತು. ಮೇಲಿನ ಕೆಳಗಿನ ಹಲ್ಲನ್ನು ಕೂಡಿಸಿ ಎಳೆಯುವ ರಬ್ಬರ್ ಬ್ಯಾಂಡ್ ಹೆಚ್ಚಿಸಿದೆ. ಜುಲೈಯಲ್ಲಿ ಅರ್ಧ ಮಿಲಿಮೀಟರ್. ಸೆಪ್ಟೆಂಬರಿನಲ್ಲಿ ಅಳತೆಪಟ್ಟಿ ಇಟ್ಟು ನೋಡಿದರೆ ಪೂರ್ತಿ ಒಂದು. ಆ ಕಾಲೇಜು ಹುಡುಗ ಕಣ್ಣಮುಂದೆ ಬಂದ. ಅವಳು ನನ್ನ ಮುಖ ಓದಿದಳು.

"ವಾಪಥ್ ಹೊಂಟದಾ ಡಾಕ್ಟ್ರೇ?"

"ಗೊತ್ತಿಲ್ಲ. ಎಕ್ಸ್‌ರೇ ನೋಡದೆ ಹೇಳುವುದಿಲ್ಲ" ಎಂದೆ.

ಮರುದಿನವೇ ಆಕೆಯ ಜೊತೆ ನಾನೂ ಮಂಗಳೂರಿಗೆ ರೈಲು ಹತ್ತಿದೆ. ಆಸ್ಪತ್ರೆಯ ಮೇಜಿನ ಮೇಲೆ, ಶಸ್ತ್ರಚಿಕಿತ್ಸೆಯಾದ ವಾರ ತೆಗೆದ ಎಕ್ಸ್‌ರೇಯ ಗೆರೆ ಕಪ್ಪಿನಲ್ಲಿ, ಅಂದಿನದು ಕೆಂಪಿನಲ್ಲಿ ಎಳೆದು ಒಂದರ ಮೇಲೊಂದು ಇಟ್ಟೆವು. ಹಣೆ, ಮೂಗಿನ ಬುಡ, ಮೇಲಿನ ದವಡೆ ಎಲ್ಲ ಒಂದೇ ಗೆರೆ. ಗದ್ದದ ಗೆರೆಯನ್ನು ಕೊನೆಗೆ ನೋಡಿದೆ. ಕೂದಲೆಳೆಯಷ್ಟು ಅಂತರ, ಅಷ್ಟೇ. ಆದರೆ ಕೆಳಗಿನ ಮುಂದಿನ ಹಲ್ಲು ಕೆಂಪಿನಲ್ಲಿ ಹೊರಕ್ಕೆ ವಾಲಿತ್ತು. ಮೇಲಿನದೂ ವಾಲಿತ್ತು.

ಶಸ್ತ್ರವೈದ್ಯರು ಪೆನ್ಸಿಲ್ ಕೆಳಗಿಟ್ಟರು. "ನನ್ನ ಎಲುಬು ನಿಂತಿದೆ. ನಿಮ್ಮ ಹಲ್ಲು ಓಡುತ್ತಿದೆ" ಎಂದು ನಕ್ಕರು. ನನಗೆ ಆಗ ನಗು ಬರಲಿಲ್ಲ, ಆದರೆ ಎದೆಯಿಂದ ಒಂದು ಚೀಲ ಇಳಿಸಿದಂತಾಯಿತು.

ಟೀಚರ್‌ಗೆ ಒಂದು ಗುಟುಕು ನೀರು ಕೊಟ್ಟು, ತುಟಿ ಎಳೆದು ಹಿಡಿದು, ನುಂಗಲು ಹೇಳಿದೆ. ನುಂಗುವ ಕ್ಷಣಕ್ಕೆ ಹಲ್ಲುಗಳ ನಡುವಿನಿಂದ ನಾಲಿಗೆಯ ತುದಿ ಇಣುಕಿ ಒಳಗೆ ಹೋಯಿತು. ದಿನಕ್ಕೆ ನೂರಾರು ಸಲ ನುಂಗುತ್ತೇವೆ. ನೂರಾರು ಸಲ ಆ ನಾಲಿಗೆ ಹಲ್ಲನ್ನು ತಳ್ಳುತ್ತಿತ್ತು. ದವಡೆ ಬದಲಾದದ್ದು ಅದಕ್ಕೆ ಯಾರೂ ಹೇಳಿರಲಿಲ್ಲ. ನಾನು ಹೇಳಬೇಕಿತ್ತು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ನಾಲಿಗೆಯ ವ್ಯಾಯಾಮ ಶುರು ಮಾಡಿಸಬೇಕಿತ್ತು. ಭಟ್ಕಳದಲ್ಲಿ ನಾಲಿಗೆಯ ಬಗ್ಗೆ ಅಷ್ಟು ವಾದ ಮಾಡಿದವಳು, ಅದಕ್ಕೆ ಜಾಗ ಮಾಡಿಕೊಟ್ಟರೆ ಸಾಕು, ತಾನಾಗಿಯೇ ಹೋಗಿ ಕೂರುತ್ತದೆ ಎಂದುಕೊಂಡುಬಿಟ್ಟಿದ್ದೆ.

ವಾಪಸ್ ಬರುವ ರೈಲಿನಲ್ಲಿ ನಿರ್ಧಾರ ಮಾಡಿದೆ. ನವೆಂಬರಿನಲ್ಲಿ ತಂತಿ ತೆಗೆಯುವುದಿಲ್ಲ. ತೆಗೆದು, ಮದುವೆ ಮುಗಿದ ಮೇಲೆ ಮತ್ತೆ ಹಾಕುವ ಸುಲಭದ ದಾರಿಯೂ ಇತ್ತು. ಆ ಎರಡು ತಿಂಗಳಲ್ಲಿ ನಾಲಿಗೆ ಎಷ್ಟು ದೂರ ತಳ್ಳೀತೋ ಯಾರು ಬಲ್ಲರು? ಭಟ್ಕಳ ದಾಟಿದ ಮೇಲೆ ಅವಳಿಗೆ ಹೇಳಿದೆ. ಶರಾವತಿ ಸೇತುವೆ ಬಂತು, ಹೋಯಿತು.

"ನೀವು ಮಾತು ಕೊಟ್ಟಿದ್ರಿ" ಎಂದಳು.

"ಕೊಟ್ಟಿದ್ದೆ. ತಪ್ಪಿದೆ."

ಕುಮಟಾ ಸ್ಟೇಷನ್ ಬಂತು. ಇಳಿಯುವಾಗ ಕೇಳಿದಳು: "ಹಂಗಾರೆ ಆ ನಾಲಿಗೆಗೆ ಎಂತ ಮಾಡೂದು?"

ಮೇಲಿನ ಹಲ್ಲುಗಳ ಹಿಂದೆ, ಅಂಗುಳಿನಲ್ಲಿ ಸಣ್ಣ ಸಣ್ಣ ಏಣುಗಳಿರುತ್ತವೆ. ನಾಲಿಗೆಯ ತುದಿ ಅಲ್ಲಿರಬೇಕು, ನುಂಗುವಾಗಲೂ ಅಲ್ಲೇ. ನಾನು ಪುಸ್ತಕದಲ್ಲಿದ್ದಂತೆ ಹೇಳಿಕೊಟ್ಟೆ. ಎರಡು ವಾರ ಕಳೆದರೂ ಅವಳಿಗೆ ಆ ಜಾಗ ಸಿಗಲಿಲ್ಲ. ಹುಡುಕಿದಷ್ಟೂ ನಾಲಿಗೆ ಹಲ್ಲಿಗೇ ಹೋಗಿ ತಗಲುತ್ತಿತ್ತು. ಮೂರನೆಯ ವಾರ ಬಾಗಿಲಲ್ಲೇ, ಚಪ್ಪಲಿ ಬಿಡುವ ಮೊದಲೇ ಕೂಗಿದಳು:

"ಡಾಕ್ಟ್ರೇ, ಥಿಕ್ತು! 'ಳ'ದಲ್ಲಿ ಅದೆ!"

ಮಕ್ಕಳಿಗೆ ಅಕ್ಷರ ಹೇಳಿಕೊಡುವಾಗ ಗೊತ್ತಾಯಿತಂತೆ. 'ಳ' ಎನ್ನುವಾಗ ನಾಲಿಗೆ ಮಡಚಿ ಅಂಗುಳಿಗೆ ಏರುತ್ತದೆ. ಅಲ್ಲಿಂದ 'ಲ'ದ ಕಡೆಗೆ ಸರಿಸುತ್ತ ಬಂದು, 'ಲ' ಆಗುವ ಮೊದಲೇ ನಿಲ್ಲಿಸಿದರೆ ಸರಿಯಾಗಿ ಆ ಏಣುಗಳ ಮೇಲೆ. ನಾನು ಅಲ್ಲಿಯೇ ನಿಂತು ಮಾಡಿ ನೋಡಿದೆ. ಹೌದು! ಕಾಯುತ್ತ ಕುಳಿತಿದ್ದ ಇಬ್ಬರು ರೋಗಿಗಳೂ "ಳ... ಳ..." ಎನ್ನಲು ಶುರು ಮಾಡಿದರು.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಹಿರೇಗುತ್ತಿಗೆ ಹೋದೆ. ಬಾಲವಾಡಿಯಲ್ಲಿ ಮಕ್ಕಳೆಲ್ಲ ಚಕ್ಕಳಮಕ್ಕಳ ಹಾಕಿ ಲೋಟ ಹಿಡಿದು ಕುಳಿತಿದ್ದವು. ಟೀಚರ್ "ಹೊಳೆ!" ಎಂದಳು. "ಹೊಳೇ!" ಎಂದವು. "ಬಾಳೆ!" "ಬಾಳೇ!" "ಈಗ ನಾಲಿಗೆ ಅಲ್ಲೇ ಮೇಲೆ ಇಟ್ಕಳಿ, ನೀರು ಕುಡೀರಿ, ಹಲ್ಲು ಕಚ್ಚಿ ನುಂಗಿ. ಯಾರ ನಾಲಿಗೆ ಹೊರಗೆ ಬಂತೋ ಅವ್ರು ಔಟ್!" ಇಪ್ಪತ್ತಕ್ಕೂ ಹೆಚ್ಚು ಗಂಟಲುಗಳಿಂದ ಒಂದೇ ಸಲ ಗುಟುಕ್ ಎಂದು ಸದ್ದು. ಅವಳೂ ಅವರ ಜೊತೆ ಕುಡಿದು ನುಂಗಿದಳು. ಒಂದು ಚಿಕ್ಕ ಹುಡುಗಿ ಎದ್ದು ನಿಂತು ಟೀಚರ್‌ಳ ಬಾಯಿಯನ್ನೇ ದಿಟ್ಟಿಸಿ, "ಟೀಚರ್ ಔಟ್ ಆಗ್ಲಿಲ್ಲ!" ಎಂದು ಘೋಷಿಸಿತು. ದಿನಕ್ಕೆ ನಾಲ್ಕು ಸಲ ಈ ಆಟ. ಕನ್ನಡಿ ಎದುರು ಒಬ್ಬಳೇ ಕುಳಿತು ಮಾಡು ಎಂದಿದ್ದರೆ ಯಾರು ನಾಲ್ಕು ಸಲ ಮಾಡುತ್ತಿದ್ದರು?

'ಸ' ಕೂಡ ಅಲ್ಲಿಯೇ ಬಂತು. ದವಡೆ ಸರಿಹೋದ ಕೂಡಲೇ ತಾನಾಗಿ ಬರುತ್ತದೆ ಎಂದು ನಾನು ಎಣಿಸಿದ್ದೆ, ಬಂದಿರಲಿಲ್ಲ. ನಾಲಿಗೆ ಒಳಗೆ ನಿಲ್ಲಲು ಕಲಿತ ಮೇಲೆ ಒಂದು ದಿನ ಹಾಜರಿ ಕರೆಯುವಾಗ "ಸಾವಿತ್ರಿ" ಎಂದು ಬಿಟ್ಟಳಂತೆ. ಸಾವಿತ್ರಿ ಉತ್ತರ ಕೊಡಲಿಲ್ಲ. ಅವಳಿಗೆ ತಾನು ಥಾವಿತ್ರಿ ಎಂದೇ ಗೊತ್ತಿದ್ದದ್ದು.

ಡಿಸೆಂಬರಿಗೆ ಸಂದು ಅರ್ಧಕ್ಕೆ ಇಳಿದಿತ್ತು. ಮದುವೆಗೆ ನಾನೂ ಹೋಗಿದ್ದೆ. ಫೋಟೋಗ್ರಾಫರ್ ಮನೆಯವರನ್ನು ಸಾಲಾಗಿ ನಿಲ್ಲಿಸಿದಾಗ ಅವಳು ಮದುಮಗಳ ಪಕ್ಕದಲ್ಲೇ ನಿಂತು, ಯಾರೂ ಹೇಳದೆ ಬಾಯಿ ತೆರೆದು ನಕ್ಕಳು. ಫ್ಲಾಶ್ ಬೆಳಕಿಗೆ ತಂತಿ ಫಳಕ್ಕೆಂದಿತು. ಅಣ್ಣ ಮಂಟಪದ ಮೇಲಿನಿಂದಲೇ ನನ್ನತ್ತ ನೋಡಿ, "ಅಮಾ, ನಮ್ಮ ಮನೇಲಿ ಮದುಮಗಳಿಗಿಂತ ಇವಳೇ ಹೊಳಿತಾಳೆ!" ಎಂದು ಕೂಗಿದ. ಮದುಮಗಳೂ ನಕ್ಕಳು.

ಫೆಬ್ರವರಿಯಲ್ಲಿ ಸಂದು ಮುಚ್ಚಿತು. ನಾನು ಅವಸರ ಮಾಡಲಿಲ್ಲ. ಬ್ಯಾಂಡ್ ಬಿಡಿಸಿ, ಬರೀ ತಂತಿಯಲ್ಲಿ ನಾಲ್ಕು ತಿಂಗಳು ಕಾದೆ. ತಿಂಗಳು ತಿಂಗಳೂ ಅಳತೆ ಅದೇ. ೨೦೦೨ರ ಜೂನಿನಲ್ಲಿ ತಂತಿ ತೆಗೆದು, ಕೆಳಗಿನ ಹಲ್ಲುಗಳ ಒಳಬದಿಗೆ ಒಂದು ಸಣ್ಣ ತಂತಿಯನ್ನು ಅಂಟಿಸಿ, ಮಲಗುವಾಗ ಮೇಲಿನ ಹಲ್ಲಿಗೆ ಹಾಕಿಕೊಳ್ಳಲು ಅಕ್ರಿಲಿಕ್ ತಟ್ಟೆ ಕೊಟ್ಟೆ. ಆಮೇಲೆ ಒಂದು ವರ್ಷಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಕೆಳದವಡೆ ಅರ್ಧ ಮಿಲಿಮೀಟರ್ ಮುಂದೆ ಬಂದಿತ್ತು. ಎರಡು ವರ್ಷಕ್ಕೂ ಅದೇ ಅರ್ಧ. ೨೦೦೬ರಲ್ಲಿ, ಶಸ್ತ್ರಚಿಕಿತ್ಸೆಯಾಗಿ ಐದು ವರ್ಷ ತುಂಬಿದಾಗಲೂ ಅದೇ. 'ಳ'ದಿಂದಲೇ ಇದು ನಿಂತಿತು ಎಂದು ನಾನು ಯಾವ ಸಭೆಯಲ್ಲೂ ಹೇಳಲಾರೆ. ಎರಡು ದವಡೆಗೆ ಪಾಲು ಮಾಡಿದ್ದು, ಮೂರು ತಿರುಪು ಬಿಚ್ಚಿ ಹಾಕಿದ್ದು, ತಂತಿ ತೆಗೆಯದೆ ಕಾದದ್ದು, ಅವಳ ಹಟ, ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಿ ಅಳೆಯಲು ನನ್ನ ಬಳಿ ಅಳತೆಪಟ್ಟಿ ಇಲ್ಲ.

ಅದೇ ವರ್ಷ ಶಿರಾಲಿಯ ಕಿರಾಣಿ ಅಂಗಡಿಯವರ ಮಗಳೊಬ್ಬಳು ಇದೇ ಚಿಕಿತ್ಸೆಯ ನಡುವೆ ಇದ್ದಳು. ಮುಖ ಕೆಡುತ್ತಿರುವ ಹಂತ. ಅಚ್ಚು ತೋರಿಸಿದ್ದೆ, ಚಿತ್ರ ಬರೆದಿದ್ದೆ, ಏನೂ ಪ್ರಯೋಜನವಾಗಿರಲಿಲ್ಲ. "ತಂತಿ ಬಿಚ್ಚಿಬಿಡಿ, ನಂಗೆ ಬ್ಯಾಡ" ಎಂದು ಭಟ್ಕಳದ ನನ್ನ ಕೋಣೆಯಲ್ಲಿ ಅಳುತ್ತ ಕುಳಿತಳು. ಟೀಚರ್‌ಗೆ ಫೋನ್ ಮಾಡಿ, ಬರಲಾಗುತ್ತದೆಯೇ ಎಂದು ಕೇಳಿದೆ. ಮುಂದಿನ ಶನಿವಾರ ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಳು. ಕೈಯಲ್ಲಿ ಒಂದು ಪೊಟ್ಟಣ. ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಬೇರೆ ರೋಗಿಗಳನ್ನು ನೋಡುತ್ತಿದ್ದೆ. ಮೊದಲು ಸಣ್ಣ ದನಿಯಲ್ಲಿ ಮಾತು. ಆಮೇಲೆ ನಗು, ಎರಡು ನಗು.

ಹುಡುಗಿ ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ಅಳು ನಿಂತಿತ್ತು.

"ಡಾಕ್ಟ್ರೇ, ಆ ಟೀಚರ್ ಸುಳ್ಳು ಹೇಳ್ತಾರೆ. ಅವ್ರಿಗೆ ಮೊದ್ಲು ನನಗಿಂತ ಜಾಸ್ತಿ ಇತ್ತಂತೆ."

ಟೀಚರ್‌ಳ ಒಪ್ಪಿಗೆ ನನಗೆ ಮೊದಲೇ ಇತ್ತು. ಬೀರು ತೆರೆದು, ಶಸ್ತ್ರಚಿಕಿತ್ಸೆಗೆ ಮುಂಚಿನ ಅವಳ ಹಲ್ಲಿನ ಅಚ್ಚನ್ನು ಹುಡುಗಿಯ ಕೈಯಲ್ಲಿಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತೆರೆದ ಬಾಗಿಲಿನಿಂದ ಹೊರಗೆ ನೋಡಿದಳು. ಬೆಂಚಿನ ಮೇಲೆ ಟೀಚರ್ ಪೊಟ್ಟಣ ಬಿಚ್ಚಿ, ತಾನು ಕರಿದು ತಂದಿದ್ದ ಚಕ್ಕುಲಿಯೊಂದನ್ನು ಮುಂದಿನ ಹಲ್ಲಿನಿಂದ ಕರುಂ ಎಂದು ಕಚ್ಚುತ್ತಿದ್ದಳು.

ಹುಡುಗಿ ಅಚ್ಚನ್ನು ಮೇಜಿನ ಮೇಲಿಟ್ಟು ಕುರ್ಚಿ ಹತ್ತಿದಳು.

"ಆತು" ಎಂದಳು. "ತಂತಿ ಬಿಗಿ ಮಾಡಿ."